1912ರ ಅಮೆರಿಕವನ್ನು ಅತಂತ್ರ ಮಾಡಿದ ಬಗೆ

ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ನಾಲ್ಕೈದು ಮಂದಿ ಬಲವಾಗಿ ನಿಂತು, ಯಾರಿಗೂ ಬಹುಮತ ಬಾರದೇ ಹೋಗಿದ್ದರೆ? ಈ ಪ್ರಶ್ನೆ ಹಿಡಿದು 1912ರ ಚುನಾವಣೆಯನ್ನು ನಾನು ಮೊದಲಿನಿಂದ ಕೊನೆಯವರೆಗೆ ಮರುಕಟ್ಟಿದೆ. 48 ರಾಜ್ಯ, 531 ಎಲೆಕ್ಟೋರಲ್ ಮತ (ರಾಜ್ಯಕ್ಕಿಷ್ಟು ಎಂದು ಹಂಚಿದ ಮತ, ಸಾಮಾನ್ಯವಾಗಿ ಆ ರಾಜ್ಯದಲ್ಲಿ ಮುಂದಿರುವವರಿಗೆ ಅಷ್ಟೂ ಹೋಗುತ್ತದೆ), ಗೆಲ್ಲಲು ಬೇಕಾದದ್ದು 266. ಇಂಥದ್ದನ್ನು ಮಾಡಿ ನೋಡಬೇಕೆನ್ನುವವರಿಗೆ ನಾನು ಹೋದ ದಾರಿ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

1912ನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಸರಳ. ನಿಜ ಇತಿಹಾಸದಲ್ಲೇ ಅದು ಬಹುಮುಖ ಸ್ಪರ್ಧೆ. ರಿಪಬ್ಲಿಕನ್ ಪಕ್ಷ ಒಡೆದು ಹಾಲಿ ಅಧ್ಯಕ್ಷ ಟಾಫ್ಟ್ ಒಂದು ಕಡೆ, ಹೊಸದಾಗಿ ಪ್ರೋಗ್ರೆಸಿವ್ ಪಕ್ಷ ಕಟ್ಟಿಕೊಂಡ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಇನ್ನೊಂದು ಕಡೆ. ಸೋಷಲಿಸ್ಟರ ಯೂಜೀನ್ ಡೆಬ್ಸ್ ಒಂಬತ್ತು ಲಕ್ಷ ಮತ ತೆಗೆದ ವರ್ಷ ಅದು. ಆದರೂ ಫಲಿತಾಂಶ ಅತಂತ್ರವಾಗಲಿಲ್ಲ. ಡೆಮಾಕ್ರಟರ ವುಡ್ರೋ ವಿಲ್ಸನ್ ಶೇ. 41.8 ಮತ ಪಡೆದು 435 ಎಲೆಕ್ಟೋರಲ್ ಮತ ಬಾಚಿಕೊಂಡರು. ರೂಸ್‌ವೆಲ್ಟ್‌ಗೆ 88, ಟಾಫ್ಟ್‌ಗೆ 8, ಡೆಬ್ಸ್‌ಗೆ ಸೊನ್ನೆ.

ಇದು ನಮಗೆ ಹೊಸದೇನಲ್ಲ. 2013ರಲ್ಲಿ ಯಡಿಯೂರಪ್ಪನವರ ಕೆಜೆಪಿ ಗೆದ್ದದ್ದು ಆರೇ ಸ್ಥಾನ. ಆದರೆ ಅದು ಪಡೆದ ಶೇ. 10ರ ಹತ್ತಿರದ ಮತದಿಂದ ಬಿಜೆಪಿಗೆ ಬಿದ್ದ ಪೆಟ್ಟು ಎಷ್ಟೆಂದು ಎಲ್ಲರೂ ಕಂಡಿದ್ದಾರೆ. 2008ರಲ್ಲಿ 110 ಇದ್ದದ್ದು 40ಕ್ಕೆ ಇಳಿಯಿತು, ಕಾಂಗ್ರೆಸ್ ಶೇ. 37ಕ್ಕಿಂತ ಕಡಿಮೆ ಮತದಲ್ಲಿ 122 ಗೆದ್ದಿತು. ಒಂದು ಮನೆ ಒಡೆದರೆ ಒಡೆಯದ ಮನೆಗೆ ಲಾಭ. ವಿಲ್ಸನ್‌ಗೆ ಬಿದ್ದ ಸುಮಾರು 63 ಲಕ್ಷ ಮತ, 1908ರಲ್ಲಿ ಸೋತ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್‌ಗೆ ಬಿದ್ದ 64 ಲಕ್ಷಕ್ಕಿಂತಲೂ ಕಡಿಮೆ! ಆ ವರ್ಷ ಡೆಮಾಕ್ರಟರ ಪರವಾಗಿ ಯಾರು ನಿಂತಿದ್ದರೂ ಗೆಲ್ಲುತ್ತಿದ್ದರು.

ಅದನ್ನು ಪರೀಕ್ಷಿಸಿಯೂ ನೋಡಿದೆ. ಬಾಲ್ಟಿಮೋರ್‌ನಲ್ಲಿ ಅಭ್ಯರ್ಥಿಯನ್ನು ಆರಿಸಲು ನಡೆದ ಡೆಮಾಕ್ರಟಿಕ್ ಅಧಿವೇಶನದ ಹತ್ತನೇ ಸುತ್ತಿನಲ್ಲಿ ಸ್ಪೀಕರ್ ಚಾಂಪ್ ಕ್ಲಾರ್ಕ್‌ಗೆ ಬಹುಮತವೇ ಬಂದಿತ್ತು. ಮೂರನೇ ಎರಡರಷ್ಟು ಬೇಕೆಂಬ ನಿಯಮದಿಂದ ತಡೆದುಹೋಗಿ, 46ನೇ ಸುತ್ತಿನಲ್ಲಿ ವಿಲ್ಸನ್ ಆಯ್ಕೆಯಾದರು. ಎಕ್ಸೆಲ್ ಶೀಟಿನಲ್ಲಿ ವಿಲ್ಸನ್ ಜಾಗಕ್ಕೆ ಕ್ಲಾರ್ಕ್‌ರನ್ನು ಕೂರಿಸಿ, ಸುಧಾರಣಾವಾದಿ ಡೆಮಾಕ್ರಟರ ಒಂದು ಪಾಲನ್ನು ರೂಸ್‌ವೆಲ್ಟ್ ಕಡೆಗೆ ಸರಿಸಿದೆ. ಕ್ಲಾರ್ಕ್ ಆರಾಮಾಗಿ 266 ದಾಟಿದರು. ಆಗ ದಾರಿ ಸ್ಪಷ್ಟವಾಯಿತು: ಅತಂತ್ರ ಬೇಕಾದರೆ ಎರಡೂ ಪಕ್ಷ ಒಡೆಯಬೇಕು.

ಡೆಮಾಕ್ರಟರನ್ನು ಒಡೆಯಬಲ್ಲವರು ಒಬ್ಬರೇ, ಬ್ರಯಾನ್. ಆದರೆ ಅವರು ಪಕ್ಷನಿಷ್ಠರು. 1904ರಲ್ಲಿ ತಮಗೆ ಒಂದಿಷ್ಟೂ ಹಿಡಿಸದ ಪಕ್ಷದ ಅಭ್ಯರ್ಥಿ ಆಲ್ಟನ್ ಪಾರ್ಕರ್ ಪರವಾಗಿಯೂ ಪ್ರಚಾರ ಮಾಡಿದವರು. ನನ್ನ ಆಟಕ್ಕೆ ಬೇಕು ಎಂಬ ಕಾರಣಕ್ಕೆ ಅಂಥವರನ್ನು ಬಂಡಾಯ ಅಭ್ಯರ್ಥಿ ಮಾಡಿದರೆ ಓದುವವರು ಒಪ್ಪುವುದಿಲ್ಲ, ಒಪ್ಪಲೂಬಾರದು. ನಕ್ಷೆ ಬಣ್ಣ ಬಳಿಯುವುದು ಯಾರಿಗೂ ಬರುತ್ತದೆ, ಮನುಷ್ಯ ಯಾಕೆ ಹಾಗೆ ಮಾಡಿದ ಎಂದು ತೋರಿಸುವುದೇ ಈ ಕೆಲಸದ ತಿರುಳು. ಹಾಗಾಗಿ ಅತಿ ಹೆಚ್ಚು ಹೊತ್ತು ಕೂತದ್ದು ಬಾಲ್ಟಿಮೋರ್‌ನ ಆ ವಾರದ ಮೇಲೆಯೇ.

ಅಲ್ಲಿ ಬೇಕಾದ ಸೌದೆಯೆಲ್ಲ ಒಣಗಿಕೊಂಡು ಬಿದ್ದಿತ್ತು. ತಾತ್ಕಾಲಿಕ ಅಧ್ಯಕ್ಷರ ಸ್ಥಾನಕ್ಕೆ ಮತ್ತೆ ಅದೇ ಪಾರ್ಕರ್ ಹೆಸರು ಬಂತು. ಬ್ರಯಾನ್ ಖುದ್ದು ಎದುರು ನಿಂತು ಸೋತರು. ಆಮೇಲೆ ಮಾರ್ಗನ್, ರಯಾನ್, ಬೆಲ್ಮಾಂಟ್‌ರಂಥ ಹಣವಂತರ ಹಂಗಿನ ಅಭ್ಯರ್ಥಿ ನಮಗೆ ಬೇಡ ಎಂದು ಠರಾವು ತಂದರು. ಆ ಪೈಕಿ ರಯಾನ್, ಬೆಲ್ಮಾಂಟ್ ಇಬ್ಬರೂ ಅದೇ ಸಭೆಯಲ್ಲಿ ಪ್ರತಿನಿಧಿಗಳಾಗಿ ಕೂತಿದ್ದರು. ಅವರನ್ನು ಹೊರಹಾಕಬೇಕೆಂಬ ಭಾಗವನ್ನು ಬಿಟ್ಟುಕೊಟ್ಟ ಮೇಲೆ ಠರಾವು ಪಾಸಾಯಿತು. ಇನ್ನು ನ್ಯೂಯಾರ್ಕ್‌ನ ಡೆಮಾಕ್ರಟರನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಟ್ಯಾಮನಿ ಹಾಲ್ ಗುಂಪಿನ 90 ಮತ ಒಂಬತ್ತನೇ ಸುತ್ತಿನವರೆಗೂ ಇದ್ದದ್ದು ಒಹಾಯೋ ಗವರ್ನರ್ ಜಡ್ಸನ್ ಹಾರ್ಮನ್ ಬಳಿ. ಹಾರ್ಮನ್ ಅಧ್ಯಕ್ಷ ಕ್ಲೀವ್ಲೆಂಡ್ ಕಾಲದ ಅಟಾರ್ನಿ ಜನರಲ್, ಹಳೇ ಸಂಪ್ರದಾಯವಾದಿ. ಬ್ರಯಾನ್‌ಗೆ ಅವರ ಹೆಸರೆತ್ತಿದರೆ ಆಗುತ್ತಿರಲಿಲ್ಲ.

ನಾನು ಇತಿಹಾಸವನ್ನು ತಿರುಗಿಸಿದ್ದು ಇಲ್ಲಿ. ಬ್ರಯಾನ್ ಹೊರಹಾಕುವ ಭಾಗವನ್ನು ಬಿಟ್ಟುಕೊಡುವುದಿಲ್ಲ, ಠರಾವು ಬಿದ್ದುಹೋಗುತ್ತದೆ. ಟ್ಯಾಮನಿ, ನಿಜದಲ್ಲಿ ಆದಂತೆ ಕ್ಲಾರ್ಕ್ ಕಡೆ ಹೊರಳದೆ, ಹಾರ್ಮನ್ ಜತೆ ಗಟ್ಟಿಯಾಗಿ ನಿಲ್ಲುತ್ತದೆ. ಇನ್ನೊಬ್ಬ ಆಕಾಂಕ್ಷಿ, ಅಲಬಾಮಾದ ಆಸ್ಕರ್ ಅಂಡರ್‌ವುಡ್ ಹಿಂದೆ ಇದ್ದ ದಕ್ಷಿಣದವರು ಕೊನೆಗೆ ಹಾರ್ಮನ್‌ರನ್ನು ದಡ ಸೇರಿಸುತ್ತಾರೆ. ಒಂದೇ ವಾರದಲ್ಲಿ ಮೂರು ಬಾರಿ ಸೋತ ಬ್ರಯಾನ್ ಹೊರನಡೆಯುತ್ತಾರೆ. 1904ರ ಬ್ರಯಾನ್ ಹೀಗೆ ಮಾಡುತ್ತಿರಲಿಲ್ಲ. 1912ರ ಬ್ರಯಾನ್ ಮಾಡಬಹುದಿತ್ತು ಎಂದು ನನಗೆ ಪೂರ್ತಿ ಮನವರಿಕೆಯಾಗಿದೆ. ಅವರ ಜೀವನಪೂರ್ತಿಯ ಹೋರಾಟವೇ ಆ ಸಭಾಂಗಣದಲ್ಲಿ ತಿರಸ್ಕೃತವಾದಂತೆ ಆಗುತ್ತಿತ್ತು.

ಇನ್ನು ಮತಗಳ ವಿಚಾರ. ಮೂರನೆಯವನಿಗೆ ದೇಶದಲ್ಲಿ ಎಷ್ಟು ಮತ ಬಿತ್ತು ಎನ್ನುವುದಕ್ಕಿಂತ ಎಲ್ಲಿ ಬಿತ್ತು ಎನ್ನುವುದೇ ಲೆಕ್ಕ. 1992ರಲ್ಲಿ ರಾಸ್ ಪೆರೋ ಶೇ. 18.9 ಪಡೆದರು, ಸುಮಾರು ಎರಡು ಕೋಟಿ ಮತ. ಎಲೆಕ್ಟೋರಲ್ ಮತ ಒಂದೂ ಇಲ್ಲ. 1948ರಲ್ಲಿ ಬಂಡಾಯ ಡೆಮಾಕ್ರಟ್ ಸ್ಟ್ರಾಮ್ ಥರ್ಮಂಡ್, ಹೆನ್ರಿ ವಾಲೇಸ್ ಇಬ್ಬರಿಗೂ ಹೆಚ್ಚುಕಡಿಮೆ ಶೇ. 2.4. ಊರೂರಿಗೆ ಚದುರಿದ ಮತದ ವಾಲೇಸ್‌ಗೆ ಸೊನ್ನೆ, ದಕ್ಷಿಣದಲ್ಲಿ ಒತ್ತಟ್ಟಿಗೆ ಬಿದ್ದ ಮತದ ಥರ್ಮಂಡ್‌ಗೆ 39. ಅದರಲ್ಲೂ ಥರ್ಮಂಡ್ ಗೆದ್ದ ಅಲಬಾಮಾ, ಲೂಸಿಯಾನಾ, ಮಿಸಿಸಿಪ್ಪಿ, ಸೌತ್ ಕ್ಯಾರೊಲಿನಾ ನಾಲ್ಕರಲ್ಲೂ ಮತಪತ್ರದ ಮೇಲೆ ಅಧಿಕೃತ ಡೆಮಾಕ್ರಟ್ ಎಂದು ಇದ್ದದ್ದು ಅವರ ಹೆಸರೇ. ರಾಜ್ಯ ಘಟಕ ಕೈಯಲ್ಲಿದ್ದರೆ ಹೊಸ ಪಕ್ಷವನ್ನೇ ಕಟ್ಟಬೇಕೆಂದಿಲ್ಲ. 1912ರಲ್ಲೂ ಅಷ್ಟೇ: ಕ್ಯಾಲಿಫೋರ್ನಿಯಾ, ಸೌತ್ ಡಕೋಟಾಗಳಲ್ಲಿ ರಿಪಬ್ಲಿಕನ್ ಘಟಕವನ್ನು ರೂಸ್‌ವೆಲ್ಟ್ ಕಡೆಯವರು ಹಿಡಿದಿದ್ದರಿಂದ, ಹಾಲಿ ಅಧ್ಯಕ್ಷರಾದ ಟಾಫ್ಟ್ ಹೆಸರೇ ಮತಪತ್ರದಲ್ಲಿ ಇರಲಿಲ್ಲ. ಒಕ್ಲಹೋಮಾದಲ್ಲಿ ರೂಸ್‌ವೆಲ್ಟ್ ಹೆಸರಿರಲಿಲ್ಲ. ಆದ್ದರಿಂದ ನನ್ನ ಶೀಟಿನಲ್ಲಿ ರಾಜ್ಯದ ಹೆಸರಿನ ಪಕ್ಕದ ಮೊದಲ ಕಾಲಂ ಮತಗಳದ್ದಲ್ಲ, ಮತಪತ್ರದ್ದು. ಯಾವ ರಾಜ್ಯದಲ್ಲಿ ಯಾರ ಹೆಸರು ಅಚ್ಚಾಗಿದೆ, ಯಾವ ಪಕ್ಷದ ಕೆಳಗೆ.

ಅದಾದ ಮೇಲೆ 1908ರ ಫಲಿತಾಂಶ, 1912ರ ನಿಜ ಫಲಿತಾಂಶ, ಕೊನೆಗೆ ನನ್ನ ಅಂದಾಜು. ಒಂದು ಕಟ್ಟುನಿಟ್ಟು ಇಟ್ಟುಕೊಂಡಿದ್ದೆ: ಯಾರಿಗೆ ಮತ ಕೊಟ್ಟರೂ ಅದು ಯಾರಿಂದ ಬಂತೆಂದು ಬರೆಯಬೇಕು, ಇಲ್ಲವೆ ಮನೆಯಲ್ಲೇ ಉಳಿದವರ ಪಾಲಿನಿಂದ ತರಬೇಕು. ದೇಶಕ್ಕೆಲ್ಲ ಒಂದೇ ದರದಲ್ಲಿ ಶೇಕಡಾವಾರು ಏರಿಸಿ ಇಳಿಸುವುದು ಬೇಡವೇ ಬೇಡ. ಹೆಂಗಸರಿಗೆ ಆಗ ಮತದಾನದ ಹಕ್ಕಿದ್ದದ್ದು ಆರು ರಾಜ್ಯಗಳಲ್ಲಿ, ಎಲ್ಲವೂ ಪಶ್ಚಿಮದವು. ಅವಕ್ಕೆ ಬೇರೆಯೇ ಲೆಕ್ಕ ಹಾಕಿದೆ. ದಕ್ಷಿಣದ ಹನ್ನೊಂದು ರಾಜ್ಯಗಳ 126 ಎಲೆಕ್ಟೋರಲ್ ಮತ ಡೆಮಾಕ್ರಟರಿಗೆ ಕಟ್ಟಿಟ್ಟದ್ದು. ಕಪ್ಪು ಜನರನ್ನು ಮತಪಟ್ಟಿಯಿಂದಲೇ ಹೊರಗಿಟ್ಟು ಗಳಿಸಿದ ಮತಗಳು ಅವು, ಅದನ್ನು ಬರೆಯದೆ ನಕ್ಷೆಗೆ ಬರೀ ಬಣ್ಣ ತುಂಬಲು ನನ್ನಿಂದಾಗಲಿಲ್ಲ. ರೂಸ್‌ವೆಲ್ಟ್‌ರ ಹೊಸ ಪಕ್ಷ ಕೂಡ ಷಿಕಾಗೊ ಅಧಿವೇಶನದಲ್ಲಿ ದಕ್ಷಿಣದ ಕಪ್ಪು ಪ್ರತಿನಿಧಿಗಳಿಗೆ ಜಾಗ ಕೊಡಲಿಲ್ಲ.

ನಡುವೆ ಬರುವ ಆಕಸ್ಮಿಕಗಳನ್ನು ಏನು ಮಾಡುವುದು ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಅಕ್ಟೋಬರ್ 14ರಂದು ಮಿಲ್ವಾಕಿಯಲ್ಲಿ ಷ್ರಾಂಕ್ ಎಂಬಾತ ರೂಸ್‌ವೆಲ್ಟ್ ಎದೆಗೆ ಗುಂಡು ಹಾರಿಸಿದ್ದ, ಗುಂಡು ಎದೆಯಲ್ಲಿದ್ದಂತೆಯೇ ಅವರು ಭಾಷಣ ಮುಗಿಸಿದ್ದರು. ಅಕ್ಟೋಬರ್ 30ರಂದು ಟಾಫ್ಟ್ ಜೊತೆಗಿನ ಉಪಾಧ್ಯಕ್ಷ ಅಭ್ಯರ್ಥಿ ಷೆರ್ಮನ್ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡರು. ಷೆರ್ಮನ್ ಸಾವನ್ನು ಉಳಿಸಿಕೊಂಡೆ, ಕಾಯಿಲೆಗೆ ಬಾಲ್ಟಿಮೋರ್‌ನಲ್ಲಿ ಗೆದ್ದವರು ಯಾರಾದರೇನು? ಗುಂಡಿನ ಪ್ರಸಂಗವನ್ನು ಕೈಬಿಟ್ಟೆ. ಎದುರಾಳಿಗಳು ಬದಲಾದ ಮೇಲೆ ರೂಸ್‌ವೆಲ್ಟ್ ಪ್ರವಾಸದ ದಾರಿಯೂ ಬದಲಾಗಲೇಬೇಕು.

ಕೊನೆಗೆ ಬಂದ ಫಲಿತಾಂಶ: ಹಾರ್ಮನ್ 252, ರೂಸ್‌ವೆಲ್ಟ್ 180, ಟಾಫ್ಟ್ 65, ಬ್ರಯಾನ್ 34. ಹಾರ್ಮನ್‌ಗೆ ದಕ್ಷಿಣ, ಗಡಿ ರಾಜ್ಯಗಳು, ತವರು ಒಹಾಯೋ, ಟ್ಯಾಮನಿಯ ನ್ಯೂಯಾರ್ಕ್. ಉಪಾಧ್ಯಕ್ಷ ಸ್ಥಾನಕ್ಕೆ ಗವರ್ನರ್ ಥಾಮಸ್ ಮಾರ್ಷಲ್ ಜತೆಗಿದ್ದದ್ದರಿಂದ ಇಂಡಿಯಾನಾ ಸಹ. ರೂಸ್‌ವೆಲ್ಟ್‌ಗೆ ನಿಜವಾಗಿ ಗೆದ್ದವುಗಳ ಜೊತೆಗೆ ಇಲಿನಾಯ್ಸ್, ಅಯೋವಾ, ಕ್ಯಾನ್ಸಸ್, ಮೇಯ್ನ್‌ನಂಥ ರಾಜ್ಯಗಳು, ವಿಲ್ಸನ್ ಕಣದಲ್ಲಿಲ್ಲದ ಕಾರಣ ನ್ಯೂಜೆರ್ಸಿ. ಬ್ರಯಾನ್‌ಗೆ ತವರು ನೆಬ್ರಾಸ್ಕಾ, ಕೊಲರಾಡೊ, ಒಕ್ಲಹೋಮಾ, ಮೊಂಟಾನಾ, ನೆವಾಡಾ, ಅರಿಜೋನಾ. ಅಲ್ಲೆಲ್ಲ ರಾಜ್ಯ ಘಟಕವೇ ಅವರ ಬೆನ್ನಿಗೆ ನಿಲ್ಲುತ್ತದೆಂದು ಇಟ್ಟುಕೊಂಡಿದ್ದೇನೆ. ಡೆಬ್ಸ್‌ಗೆ ಈ ಆಟದಲ್ಲೂ ಸೊನ್ನೆಯೇ. ಆದರೆ ನಿಜ ಚುನಾವಣೆಯಲ್ಲಿ ನೆವಾಡಾ, ಒಕ್ಲಹೋಮಾಗಳಲ್ಲಿ ಶೇ. 16ಕ್ಕೂ ಹೆಚ್ಚು ಪಡೆದಿದ್ದವರು ಅವರು. ಅಲ್ಲಿ ಯಾರು ಎಷ್ಟರಲ್ಲಿ ಗೆದ್ದರು ಎನ್ನುವುದನ್ನು ಬರೆದದ್ದು ಅವರ ಮತಗಳೇ.

ಕ್ಯಾಲಿಫೋರ್ನಿಯಾದ 13ನ್ನೂ ರೂಸ್‌ವೆಲ್ಟ್‌ಗೆ ಕೊಡುವ ಮುಂಚೆ ಬಹಳ ಯೋಚಿಸಿದೆ. ನಿಜದಲ್ಲಿ ಅವರು ಅಲ್ಲಿ ವಿಲ್ಸನ್‌ಗಿಂತ ಮುಂದಿದ್ದದ್ದು ಕೇವಲ 174 ಮತ. ಮತದಾರರು ಎಲೆಕ್ಟರುಗಳಿಗೆ (ರಾಜ್ಯದ ಪರವಾಗಿ ಎಲೆಕ್ಟೋರಲ್ ಮತ ಹಾಕುವವರಿಗೆ) ಒಬ್ಬೊಬ್ಬರಿಗೇ ಮತ ಹಾಕುವ ಪದ್ಧತಿ ಇದ್ದದ್ದರಿಂದ 11 ರೂಸ್‌ವೆಲ್ಟ್‌ಗೆ, 2 ವಿಲ್ಸನ್‌ಗೆ ಹೋದವು. ಹಾರ್ಮನ್ ಎದುರು ಆ ಅಂತರ ಹಿಗ್ಗುತ್ತದೆ, ಹಾಗಾಗಿ ಪೂರ್ತಿ ಕೊಟ್ಟೆ.

ಹಾರ್ಮನ್‌ಗೆ ಇನ್ನೂ 14 ಬೇಕು. ಎಲೆಕ್ಟರುಗಳು ಸೇರುವುದು ಜನವರಿ 13ಕ್ಕೆ. ಅಷ್ಟರೊಳಗೆ ಬ್ರಯಾನ್ ತಮ್ಮ 34ರಲ್ಲಿ ಅರ್ಧ ಕೊಟ್ಟರೂ ಮುಗಿಯಿತು. ಕೊಡುವುದಿಲ್ಲ, ಅದಕ್ಕಾಗಿಯೇ ತಾನೇ ಅವರು ಹೊರಗೆ ಬಂದದ್ದು. ಹಾಗಾಗಿ ಹನ್ನೆರಡನೇ ತಿದ್ದುಪಡಿಯ ಪ್ರಕಾರ ವಿಷಯ ಕೆಳಮನೆಗೆ ಹೋಗುತ್ತದೆ. ಮೊದಲ ಮೂವರು ಮಾತ್ರ ಕಣದಲ್ಲಿ, ಬ್ರಯಾನ್ ಇಲ್ಲ. ರಾಜ್ಯಕ್ಕೊಂದೇ ಮತ. ನ್ಯೂಯಾರ್ಕ್‌ನ 37 ಸದಸ್ಯರಿಗೂ ಒಂದು, ನೆವಾಡಾದ ಒಬ್ಬ ಸದಸ್ಯನಿಗೂ ಒಂದು. ಗೆಲ್ಲಲು 25 ರಾಜ್ಯ. ಮತ ಹಾಕುವುದು ಹೊಸ ಸದನವಲ್ಲ, 1910ರಲ್ಲಿ ಆಯ್ಕೆಯಾದ ಹಳೇ ಸದನ. ಆಗ ಪ್ರೋಗ್ರೆಸಿವ್ ಪಕ್ಷ ಹುಟ್ಟಿಯೇ ಇರಲಿಲ್ಲ. ಸ್ಪೀಕರ್ ಪೀಠದಲ್ಲಿ ಬಾಲ್ಟಿಮೋರ್‌ನಲ್ಲಿ ಅವಕಾಶ ತಪ್ಪಿದ ಚಾಂಪ್ ಕ್ಲಾರ್ಕ್.

ಈ ಹಂತವನ್ನು ಹಾರಿಸಿಬಿಡುವವರು ಬಹಳ. ನನಗಂತೂ ಇಡೀ ಕೆಲಸದಲ್ಲಿ ಅತ್ಯಂತ ಖುಷಿ ಕೊಟ್ಟದ್ದು ಇದೇ. ಆ ಸದನದ ಸದಸ್ಯರ ಪಟ್ಟಿ ಎದುರಿಗಿಟ್ಟುಕೊಂಡು ರಾಜ್ಯವಾರು ಎಣಿಸಿದೆ. ಒಟ್ಟು ಸದಸ್ಯಬಲದಲ್ಲಿ ಡೆಮಾಕ್ರಟರು ಬಹಳ ಮುಂದೆ. ರಾಜ್ಯಗಳ ಲೆಕ್ಕಕ್ಕೆ ಬಂದರೆ ಎರಡೂ ಪಕ್ಷ 22ರ ಆಸುಪಾಸು, ಉಳಿದವು ಸಮಬಲ. ಬ್ರಯಾನ್‌ರ ನೆಬ್ರಾಸ್ಕಾದಲ್ಲಿ ಮೂವರು ಡೆಮಾಕ್ರಟರು, ಮೂವರು ರಿಪಬ್ಲಿಕನ್ನರು, ಅಂದರೆ ಮತವೇ ಇಲ್ಲ. ಒಕ್ಲಹೋಮಾದಲ್ಲಿ ಮೂವರಿಗೆ ಇಬ್ಬರು. ಆ ಮೂವರಲ್ಲಿ ಒಬ್ಬ ಬ್ರಯಾನ್ ಮಾತು ಕೇಳಿ ಸುಮ್ಮನೆ ಕೂತರೂ ಹಾರ್ಮನ್‌ಗೆ ಒಂದು ರಾಜ್ಯ ಖೋತಾ. ಕೊಲರಾಡೊ ಕೂಡ ಹಾಗೇ ಕೈತಪ್ಪುತ್ತದೆ. ರಿಪಬ್ಲಿಕನ್ ರಾಜ್ಯಗಳು ಟಾಫ್ಟ್, ರೂಸ್‌ವೆಲ್ಟ್ ನಡುವೆ ಹರಿದು ಹಂಚಿಹೋಗುತ್ತವೆ. ಸುತ್ತಿನ ಮೇಲೆ ಸುತ್ತು ನಡೆದರೂ 25 ಯಾರಿಗೂ ಇಲ್ಲ.

ಅತ್ತ ಸೆನೆಟ್ ಉಪಾಧ್ಯಕ್ಷರನ್ನು ಆರಿಸಬೇಕು, ಅದೂ ಮೊದಲ ಇಬ್ಬರಲ್ಲಿ: ಮಾರ್ಷಲ್, ಇಲ್ಲವೆ ರೂಸ್‌ವೆಲ್ಟ್ ಜೊತೆಗಾರ ಹೈರಂ ಜಾನ್ಸನ್. ರಿಪಬ್ಲಿಕನ್ನರ ಬಹುಮತದ ಸೆನೆಟ್ ಅದು. ಆದರೆ ಪಕ್ಷ ಒಡೆದ ಜಾನ್ಸನ್‌ಗೆ ಮತ ಹಾಕಲು ಟಾಫ್ಟ್ ಕಡೆಯವರ ಕೈ ಬರುವುದಿಲ್ಲ. ಡೆಮಾಕ್ರಟರ ಜೊತೆ ಅವರಲ್ಲಿ ಕೆಲವರು ಸೇರಿದರೆ ಸಾಕು, ಮಾರ್ಷಲ್ ಆಯ್ಕೆ. ಮಾರ್ಚ್ 4ರೊಳಗೆ ಕೆಳಮನೆ ತೀರ್ಮಾನಿಸದಿದ್ದರೆ ಅಧಿಕಾರ ಹೋಗುವುದು ಉಪಾಧ್ಯಕ್ಷರಿಗೇ.

ನಿಜ ಇತಿಹಾಸದಲ್ಲಿ ಇದೇ ಮಾರ್ಷಲ್ ವಿಲ್ಸನ್‌ರ ಉಪಾಧ್ಯಕ್ಷ. 1919ರಲ್ಲಿ ವಿಲ್ಸನ್ ಪಾರ್ಶ್ವವಾಯು ಬಡಿದು ಮಲಗಿದಾಗಲೂ ಅಧಿಕಾರ ವಹಿಸಿಕೊಳ್ಳಲು ಮುಂದಾಗಲಿಲ್ಲ. ನನ್ನ ಚುನಾವಣೆಯಲ್ಲಿ ಅವರಿಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಈಗ ಅವರ ಸಂಪುಟ ಕಟ್ಟುತ್ತಿದ್ದೇನೆ. ವಿಲ್ಸನ್ ಬ್ರಯಾನ್‌ರನ್ನು ವಿದೇಶಾಂಗ ಕಾರ್ಯದರ್ಶಿ ಮಾಡಿ ಒಲಿಸಿಕೊಂಡಿದ್ದರು. ಟ್ಯಾಮನಿಯ ಋಣದಲ್ಲಿರುವ ಮಾರ್ಷಲ್ ಹಾಗೆ ಮಾಡುವಂತಿಲ್ಲ. ಆ ಕುರ್ಚಿಗೆ ಸದ್ಯ ಅಂಡರ್‌ವುಡ್ ಹೆಸರು ಬರೆದಿಟ್ಟಿದ್ದೇನೆ.