ಹೂಮಳೆ ಬಿದ್ದ ಮೇಲೆ ಮಡಿಕೇರಿಯಲ್ಲಿ

ಮಡಿಕೇರಿ ನಮಗೆ ದೂರವಲ್ಲ. ಕಾಸರಗೋಡು ಜಿಲ್ಲೆಯ ನಮ್ಮ ಮುಳ್ಳೇರಿಯದಲ್ಲಿ ಬೆಳಿಗ್ಗೆ ಬಸ್ಸು ಹತ್ತಿ, ಜಾಲ್ಸೂರು ದಾಟಿ ಸುಳ್ಯದಲ್ಲಿ ಇಳಿದು, ಅಲ್ಲಿಂದ ಮೈಸೂರು ಕಡೆಯ ಬಸ್ಸಿನಲ್ಲಿ ಸಂಪಾಜೆ ಘಾಟಿ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಹತ್ತಿರ ಅಂತಲೇ ಇಷ್ಟು ವರ್ಷ ಸರಿಯಾಗಿ ನೋಡಲೇ ಇಲ್ಲ. ಶಾಲೆಯಲ್ಲಿದ್ದಾಗ ಮಕ್ಕಳನ್ನು ಕರೆದುಕೊಂಡು ನಾಲ್ಕು ಸಲ ಪ್ರವಾಸ ಹೋಗಿದ್ದೇನೆ. ಅಬ್ಬಿ ಫಾಲ್ಸ್, ಕೋಟೆ, ರಾಜಾಸೀಟ್, ತಲೆ ಎಣಿಸು, ಬಸ್ ಹತ್ತಿಸು. ಆ ನಾಲ್ಕು ಸಲದಲ್ಲಿ ನನಗೆ ನೆನಪಿರುವುದು ಘಾಟಿಯಲ್ಲಿ ವಾಂತಿ ಮಾಡಿದ ಮಕ್ಕಳ ಹೆಸರು ಮಾತ್ರ.

ನಿವೃತ್ತಿಯಾದ ಮೇಲೆ, ಈ ಮಾರ್ಚಿನಲ್ಲಿ ನಾನೂ ನಮ್ಮವರೂ ಹೋಗಿ 11 ದಿನ ಇದ್ದು ಬಂದೆವು. ಅಷ್ಟು ದಿನ ಅಲ್ಲಿ ಎಂಥ ಮಾಡಿದಿರಿ ಅಂತ ಕೇಳಿದವರಿಗೆಲ್ಲ ಫೋನಿನಲ್ಲಿ ಹೇಳಿ ಸಾಕಾಯಿತು, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲ ತಲೆನೋವು ತೋಟದ್ದು. ಅಡಿಕೆ ತೋಟ ಇರುವವರು ಬೇಸಗೆಯಲ್ಲಿ ಮನೆ ಬಿಡುವುದು ಎಷ್ಟು ಕಷ್ಟ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ನಮ್ಮ ಸುರಂಗದ, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಿಲದ ನೀರು ಮಾರ್ಚಿಗೆ ಹೆಬ್ಬೆರಳಿನಷ್ಟು ದಪ್ಪಕ್ಕೆ ಇಳಿದಿರುತ್ತದೆ, ಅದು ಟ್ಯಾಂಕಿಯಲ್ಲಿ ತುಂಬಿದ ಮೇಲೆ ಸ್ಪ್ರಿಂಕ್ಲರ್ ಬಿಡಬೇಕು, ಯಾವ ಭಾಗಕ್ಕೆ ಬಿಟ್ಟದ್ದು ಅಂತ ನೆನಪಿಟ್ಟು ಮರುದಿನ ವಾಲ್ವ್ ಬದಲಿಸಬೇಕು. "ಮಳೆಗಾಲದಲ್ಲಿ ಹೋಗುವ" ಅಂದರು ಇವರು. ನಾನು ಒಪ್ಪಲಿಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜರಿದು ಇದೇ ದಾರಿ ಮುಚ್ಚಿದ್ದು ಮರೆಯುವಂಥದ್ದಲ್ಲ. ಕೊನೆಗೆ ವಾಲ್ವ್‌ಗಳಿಗೆ ಪೈಂಟಿನಲ್ಲಿ 1ರಿಂದ 6ರ ತನಕ ನಂಬರ್ ಬರೆದು ಪಕ್ಕದ ಮನೆ ಹುಡುಗನಿಗೆ ಒಪ್ಪಿಸಿದೆವು.

ರೂಮಿನ ವಿಷಯದಲ್ಲಿ ನಾನು ಏಮಾರಿದೆ. ಫೋಟೋ ನೋಡಿ ಬುಕ್ ಮಾಡಿದ ಹೋಂಸ್ಟೇ ಮಡಿಕೇರಿಯಲ್ಲೇ ಅಂತ ಇತ್ತು. ಹೋಗಿ ನೋಡಿದರೆ ಪೇಟೆಯಿಂದ 14 ಕಿಲೋಮೀಟರ್, ಒಂದು ಬೆಂಕಿಪೆಟ್ಟಿಗೆ ಬೇಕಾದರೂ ಜೀಪು ಹೇಳಬೇಕು! ಒಂದು ರಾತ್ರಿಯ ದುಡ್ಡು ದಂಡ. ಮರುದಿನ ಸೋಮವಾರ ಪೇಟೆಗೆ ಬಂದು, ಬ್ಯಾಗುಗಳನ್ನು ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಹೋಟೆಲಿನಲ್ಲಿಟ್ಟು, ನಡೆದೇ ಮನೆ ಮನೆ ಕೇಳಿದೆವು. ವಾರಾಂತ್ಯದ ಬೆಂಗಳೂರು ಕಾರುಗಳೆಲ್ಲ ಹೋಗಿಯಾಗಿತ್ತು, ಹಾಗಾಗಿ ಮಾತಾಡಲು ಎಲ್ಲರಿಗೂ ಪುರುಸೊತ್ತು. ದಿನಕ್ಕೆಷ್ಟು ಅಂತ ಕೇಳಬೇಡಿ, ವಾರಕ್ಕೆಷ್ಟು ಅಂತ ಕೇಳಿ, ಬಾಡಿಗೆ ತಾನಾಗಿ ಇಳಿಯುತ್ತದೆ. ನಮಗೆ ಸಿಕ್ಕಿದ್ದು ಒಂದು ಮನೆಯ ಹಿಂಬದಿಯ ಕೋಣೆ, ಗ್ಯಾಸ್ ಒಲೆ ಇಟ್ಟ ಚಿಕ್ಕ ಅಡುಗೆಮನೆ, ಕಿಟಕಿ ತೆರೆದರೆ ಮನೆಯವರದೇ ಎರಡು ಎಕರೆ ಕಾಫಿ.

ದಿನಕ್ಕೆ ಒಂದೇ ಕೆಲಸ ಅಂತ ನಾನು ಮೊದಲೇ ಹೇಳಿದ್ದೆ. ಒಂದು ದಿನ ಓಂಕಾರೇಶ್ವರ ಅಂದರೆ ಅವತ್ತು ಓಂಕಾರೇಶ್ವರ ಮಾತ್ರ. ಕೊಡಗಿನ ರಾಜ ಲಿಂಗರಾಜ 1820ರಲ್ಲಿ ಕಟ್ಟಿಸಿದ್ದು, ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನ ಹಾಗಿನ ಗೋಪುರ, ದೂರದಿಂದ ದೇವಸ್ಥಾನ ಅಂತಲೇ ಅನಿಸುವುದಿಲ್ಲ. ಕೆರೆಯ ಮೆಟ್ಟಿಲಲ್ಲಿ ಮೀನು ನೋಡುತ್ತಾ ಹನ್ನೊಂದು ಗಂಟೆ ತನಕ ಕೂತಿದ್ದೆವು. ಕೋಟೆಯ ಗಾರೆ ಆನೆಗಳಿಗೆ ಒಂದು ದಿನ. ಶುಕ್ರವಾರ ಸಂತೆ, ಅಲ್ಲಿ ಅರ್ಧ ಮಾತು ಮಲಯಾಳ, ಅರ್ಧ ಅರೆಭಾಷೆ, ನಮಗೆ ಊರಲ್ಲೇ ಇದ್ದ ಹಾಗೆ. ನಮ್ಮವರಿಗೆ ಸುಮ್ನೆ ಕೂರುವುದು ಗೊತ್ತಿಲ್ಲ. ಮೊದಲ ಮೂರು ದಿನ ಹುಡುಗನಿಗೆ ದಿನಕ್ಕೆ ಐದು ಸಲ ಫೋನ್.

ಅವರನ್ನು ಕೂರಿಸಿದ್ದು ಮಳೆ. ಮಂಗಳವಾರ ಸಂಜೆ ಗುಡುಗಿ ಚೆನ್ನಾಗಿ ಹೊಡೆಯಿತು. ಬೆಳಿಗ್ಗೆ ಮನೆಯ ಅಕ್ಕ ಅಂಗಳದ ಮಳೆಮಾಪಕದಿಂದ ನೀರನ್ನು ಉದ್ದ ಗ್ಲಾಸಿಗೆ ಹೊಯ್ದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, "ಒಂದು ಇಂಚು 20 ಸೆಂಟ್, ಟೀಚರೇ" ಅಂದರು. ಒಳಗೆ ಹೋಗಿ ಕ್ಯಾಲೆಂಡರಿನಲ್ಲಿ ಬರೆದರು. ಆಮೇಲೆ ಮೂರು ಮನೆಗೆ ಫೋನ್ ಮಾಡಿ "ನಿಮ್ಮಲ್ಲೆಷ್ಟು?" ನಮ್ಮಲ್ಲಿ ಸೆಂಟ್ ಅಂದರೆ ಜಾಗ ಅಲ್ವಾ! "20 ಸೆಂಟಿನಲ್ಲಿ ಮನೆ ಕಟ್ಟಬಹುದು" ಅಂದರು ಇವರು. ಕೊಡಗಿನಲ್ಲಿ ಮಳೆಗೂ ಸೆಂಟ್, ನೂರು ಸೆಂಟಿಗೆ ಒಂದು ಇಂಚು, ಅಂದರೆ ಸುಮಾರು 25 ಮಿಲಿಮೀಟರ್.

ಅದು ಹೂಮಳೆ. ಕಾಫಿಯ ಮೊಗ್ಗು ಬೇಸಗೆಯಲ್ಲಿ ಹಸಿರಾಗಿ, ಬೆಂಕಿಕಡ್ಡಿಯ ತಲೆಯಷ್ಟೇ ಇದ್ದು ಮಲಗಿರುತ್ತದೆ, ಈ ಮಳೆ ಬಿದ್ದರೆ ಏಳುತ್ತದೆ. ಮಳೆ ತೀರಾ ಕಡಿಮೆಯಾದರೆ ಹೂವು ಸರಿಯಾಗಿ ಬಿಡುವುದಿಲ್ಲ, ಬರಲೇ ಇಲ್ಲವಾದರೆ ಸ್ಪ್ರಿಂಕ್ಲರ್. "ರೊಬಸ್ಟಾಕ್ಕೆ ಏಳೆಂಟು ದಿನ, ಅರೇಬಿಕಾಕ್ಕೆ ಇನ್ನೊಂದೆರಡು ದಿನ ಜಾಸ್ತಿ" ಅಂದರು ಅಕ್ಕ, ಕಾಫಿಯ ಎರಡು ಜಾತಿ ಅವು. ನಾವು ಭಾನುವಾರ ಹೊರಡುವವರು. ಇವರೇ ಹೇಳಿದರು, ಹೂವು ನೋಡಿಯೇ ಹೋಗುವ ಅಂತ. ನಾನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ.

ಅಲ್ಲಿಂದ ಇವರಿಗೆ ದಿನಾ ಬೆಳಿಗ್ಗೆ ಒಂದೇ ಗಿಡದ ಒಂದೇ ಕೊಂಬೆ. ಬೆಲ್ಲದ ಕಾಫಿ ಲೋಟ ಹಿಡಿದು ಹೋಗಿ ನಿಲ್ಲುವುದು. ನಾಲ್ಕನೇ ದಿನ ಮೊಗ್ಗು ಉಬ್ಬಿತ್ತು, ಆರನೇ ದಿನಕ್ಕೆ ಬೆಳ್ಳಗೆ ಉದ್ದವಾಗಿ ಸಣ್ಣ ಮೇಣದಬತ್ತಿಗಳನ್ನು ಸಾಲಾಗಿ ನೆಟ್ಟ ಹಾಗೆ. ಆ ಮನೆಯ ಊಟದ ಬಗ್ಗೆ ಬರೆದರೆ ಇದು ಮುಗಿಯುವುದಿಲ್ಲ, ಕಡಂಬುಟ್ಟು ಅಂದರೆ ಅಕ್ಕಿ ತರಿಯನ್ನು ಉಂಡೆ ಮಾಡಿ ಬೇಯಿಸಿದ ನಮ್ಮ ಪುಂಡಿಯೇ ಅಂತ ಮಾತ್ರ ಹೇಳುತ್ತೇನೆ.

ಮುಂದಿನ ಮಂಗಳವಾರ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ವಾಸನೆ. ಮಲ್ಲಿಗೆಯ ಹಾಗೆ, ಆದರೆ ಸ್ವಲ್ಪ ಹಸಿ. ಕಿಟಕಿ ತೆರೆದರೆ ತೋಟದಲ್ಲಿ ಎಲೆಗಿಂತ ಬಿಳಿಯೇ ಹೆಚ್ಚು. ಕೊಂಬೆಯ ಗೆಣ್ಣು ಗೆಣ್ಣಿಗೆ ಹೂವಿನ ಉಂಡೆ, ಒಳಗೆಲ್ಲ ತುಡುವೆ ಜೇನಿನ ಸದ್ದು. ರೊಬಸ್ಟಾ ಕಾಯಿ ಕಟ್ಟಬೇಕಾದರೆ ಬೇರೆ ಗಿಡದ ಪರಾಗ ಬೇಕು, ಅರೇಬಿಕಾಕ್ಕೆ ಅಂಥ ಹಂಗಿಲ್ಲ. ಹಾಗಾಗಿ ಅವತ್ತು ಮಳೆ ಬರದಿರಲಿ ಅಂತ ಅಕ್ಕ ಹತ್ತು ಸಲ ಆಕಾಶ ನೋಡಿದರು. ಊರಿನ ಹುಡುಗ ಫೋನ್ ಮಾಡಿದಾಗ ಇವರು ಗಿಡದ ಮಧ್ಯೆ ಇದ್ದರು, "ಆಮೇಲೆ ಮಾಡು ಮಾರಾಯ" ಅಂತ ಇಟ್ಟುಬಿಟ್ಟರು.

ಬುಧವಾರ ನಾವು ಹೊರಡುವಾಗ ಹೂವಿನ ಅಂಚು ಕಂದಾಗಲು ಶುರುವಾಗಿತ್ತು. ತೋಟಕ್ಕೆ ಏನೂ ಆಗಿರಲಿಲ್ಲ, 4ನೇ ವಾಲ್ವ್ ಒಂದು ದಿನ ತಪ್ಪಿದ್ದು ಬಿಟ್ಟರೆ. ಮೊನ್ನೆ ಅಕ್ಕ ಫೋನ್ ಮಾಡಿದ್ದರು, ಕಾಯಿ ನಿಲ್ಲಲು ಬೇಕಾದ ಎರಡನೇ ಮಳೆಯೂ ಬಂತಂತೆ, 60 ಸೆಂಟ್. ಇವರು ಅದನ್ನು ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾರೆ.