ಒಂದೇ ಎಚ್‌ಡಿ ಬಾಕ್ಸು, ಎರಡು ಟಿವಿ: ಕ್ಯಾಟ್ 6 ನೆಟ್‌ವರ್ಕ್ ವೈರಲ್ಲಿ ನಾನು ಮಾಡಿದ್ದು

ಹಾಲಲ್ಲಿರೋ ಕೇಬಲ್ ಎಚ್‌ಡಿ ಬಾಕ್ಸಿಂದಾನೇ ಹಿಂದಿನ ರೂಮಿನ ಟಿವಿಗೂ ಎಚ್‌ಡಿ ಕೊಡ್ತೀನಿ ಅಂದಾಗ ಕೇಬಲ್ ಹುಡುಗ ಆಗಲ್ಲ ಬಿಡಣ್ಣ ಅಂದ, ಅಂಗಡಿಯವ್ರು ಸುಮ್ನೆ ಇನ್ನೊಂದು ಕನೆಕ್ಷನ್ ತಗೊಳ್ಳಿ ಅಂದ್ರು, ನನ್ ಹಾಗೇ ವೈರಿಂಗ್ ಕೆಲಸ ಮಾಡೋ ನನ್ನ ಭಾವಮೈದ ಕೂಡ ಎಚ್‌ಡಿಎಂಐ (ಬಾಕ್ಸಿಂದ ಟಿವಿಗೆ ಎಚ್‌ಡಿ ತರೋ ವೈರು) ಅಷ್ಟು ದೂರ ಎಳೆಯಕ್ಕಾಗಲ್ಲ ಭಾವ, ದುಡ್ಡು ದಂಡ ಅಂದ. ಈಗ ತೀರ್ಥಹಳ್ಳಿ ಮಳೆಗಾಲ ಒಂದು ಪೂರ್ತಿ ಕಳೆದಿದೆ, ಎರಡೂ ಟಿವಿಲಿ ಪಿಕ್ಚರ್ ಒಂದು ಚೂರೂ ಕಡಿದಿಲ್ಲ. ಅದಕ್ಕೇ ಬರೀತಿದ್ದೀನಿ.

ಒಂದು ಬಾಕ್ಸ್ ಅಂದ್ರೆ ಎರಡೂ ಕಡೆ ಒಂದೇ ಚಾನೆಲ್ ಬರೋದು, ಬೇರೆ ಬೇರೆ ನೋಡೋ ಮನೆಗೆ ಇದಲ್ಲ. ನಮ್ಮಮ್ಮಂಗೆ ಮಂಡಿ ನೋವು, ರಾತ್ರಿ ಊಟ ಆದ್ಮೇಲೆ ಹಾಲಿಗೆ ಬರಲ್ಲ, ಮಂಚದ ಮೇಲೆ ಕೂತೇ ಧಾರಾವಾಹಿ ನೋಡ್ಬೇಕು, ಆ ಹೊತ್ತಲ್ಲಿ ಹಾಲಲ್ಲಿ ಯಾರೂ ಟಿವಿ ಹಾಕಲ್ಲ. ಮ್ಯಾಚ್ ಇದ್ರೆ ಎರಡೂ ಕಡೆ ಮ್ಯಾಚೇ. ಇದಕ್ಕೆ ಎರಡನೇ ಬಾಕ್ಸಿಗೆ ಸಾವಿರದೈನೂರು ಚಿಲ್ಲರೆ ಕೊಟ್ಟು, ತಿಂಗಳು ತಿಂಗಳು ಇನ್ನೂರೈವತ್ತರ ಹತ್ರ ಕಟ್ತಾ ಹೋಗೋದು ಯಾಕೆ? ಒಂದೇ ಮನೆಯ ಎರಡನೇ ಟಿವಿಗೆ ಎನ್‌ಸಿಎಫ್ (ಪೇ ಚಾನೆಲ್ ದುಡ್ಡು ಬಿಟ್ಟು ಕನೆಕ್ಷನಿಗೇ ಕಟ್ಟೋ ತಿಂಗಳ ಶುಲ್ಕ) ಮೊದಲನೇದರ 40 ಪರ್ಸೆಂಟ್ ಮೀರಬಾರದು ಅಂತ 2020ರಲ್ಲಿ ಕೇಬಲ್ ದರದ ನಿಯಮ ಮಾಡೋ ಟ್ರಾಯ್ ತಂದಿತ್ತು ನಿಜ, ಆದ್ರೆ ಪೇ ಚಾನೆಲ್ ದುಡ್ಡು ಇನ್ನೊಂದ್ಸಲ ಕೊಡ್ಲೇಬೇಕಲ್ಲ.

ಹಿಂದಿನ ರೂಮಿಗೆ ಮೊದಲು ಇದ್ದಿದ್ದು ಕೆಂಪು ಬಿಳಿ ಹಳದಿ ವೈರು. ಹಳದಿ ಪಿನ್ನಲ್ಲಿ ಎಚ್‌ಡಿ ಬರಲ್ಲ, 576 ಲೈನಿಗೆ ಅದರ ಕಥೆ ಮುಗೀತು. ನಮ್ಮ ಬೀದೀಲಿ ಇವತ್ತಿಗೂ ಎಚ್‌ಡಿ ಪ್ಯಾಕಿಗೆ ದುಡ್ಡು ಕಟ್ಟಿ ಹಳದಿ ಪಿನ್ನಲ್ಲೇ ನೋಡೋರಿದ್ದಾರೆ, ಬಾಕ್ಸ್ ಹಾಕಕ್ಕೆ ಬಂದೋರು ಕೈಗೆ ಸಿಕ್ಕ ವೈರ್ ಚುಚ್ಚಿ ಹೋಗಿರ್ತಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಮೊದಲ ಪ್ರಯತ್ನ ಇಪ್ಪತ್ತು ಮೀಟ್ರು ಎಚ್‌ಡಿಎಂಐ ಕೇಬಲ್, ಸಾವಿರದ ನಾನೂರು ಇರ್ಬೇಕು. ಮುಕ್ಕಾಲಿಂಚು ಪೈಪಲ್ಲಿ ಅದರ ತಲೆ ತೂರಲ್ಲ, ಕಿಟಕಿ ಮೇಲಿಂದ ಸುತ್ತಿ ತಂದೆ. ಹಾಕಿದ ತಕ್ಷಣ ಪಿಕ್ಚರ್ ಮೇಲೆಲ್ಲ ಬಿಳಿ ಚುಕ್ಕಿ ಮಿಂಚ್ತವೆ, ಆಮೇಲೆ ಎರಡು ಸೆಕೆಂಡ್ ಪೂರ್ತಿ ಕಪ್ಪು, ಮತ್ತೆ ಬರುತ್ತೆ, ಮತ್ತೆ ಹೋಗುತ್ತೆ. ಬಾಕ್ಸಲ್ಲಿ ಪಿಕ್ಚರ್ ಲೈನ್ ಕಮ್ಮಿ ಮಾಡಿ 720ಪಿಗೆ ಇಳಿಸಿದ್ರೂ ಅದೇ. ಅಂಗಡಿಯವ್ರು ವಾಪಸ್ ತಗೊಳ್ಳಲಿಲ್ಲ. ಆಮೇಲೆ ಕರೆಂಟ್ ಬೇಡದ, ಎರಡು ಕ್ಯಾಟ್ ವೈರ್ ಹಾಕೋ ಎಕ್ಸ್‌ಟೆಂಡರ್ (ಎಚ್‌ಡಿಎಂಐನ ಕ್ಯಾಟ್ ವೈರಲ್ಲಿ ದೂರಕ್ಕೆ ಕಳಿಸೋ ಡಬ್ಬಿ ಜೋಡಿ) ಐನೂರಕ್ಕೆ ಸಿಕ್ತು, ಮೇಜಿನ ಮೇಲೆ ಐದಾರು ಮೀಟ್ರಿಗೆ ಚೆನ್ನಾಗೇ ಬಂತು, ಗೋಡೆ ಒಳಗೆ ಹೋದ್ಮೇಲೆ ನೋ ಸಿಗ್ನಲ್.

ಕೊನೆಗೆ ತಗೊಂಡಿದ್ದು ಒಂದೇ ಕ್ಯಾಟ್ 6 ಹಾಕೋ, ಎರಡೂ ತುದಿಗೆ ಅಡಾಪ್ಟರ್ ಇರೋ ಜೋಡಿ, ಐಆರ್ (ರಿಮೋಟಿನ ಬೆಳಕು ಆ ಕಡೆಗೆ ದಾಟಿಸೋದು) ಸಮೇತ ಎರಡು ಸಾವಿರದ ಆರ್ನೂರರ ಆಸುಪಾಸು. ಇದೂ ಮೊದಲು ಆಗಾಗ ಕಪ್ಪಾಗ್ತಿತ್ತು. ಎಕ್ಸ್‌ಟೆಂಡರ್ರೇ ಸರಿ ಇಲ್ಲ ಅಂತ ಎಲ್ರೂ ಹೇಳಿದ್ರು, ನಂಗೆ ಅನುಮಾನ ಬಂದಿದ್ದು ವೈರ್ ಮೇಲೆ. ಸಿಪ್ಪೆ ಬಿಡಿಸಿ ಒಂದು ಎಳೆ ತಗೊಂಡು ಬ್ಲೇಡಲ್ಲಿ ನಿಧಾನಕ್ಕೆ ಕೆರೆದೆ, ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ ಅಲ್ಯೂಮಿನಿಯಂ. ಎರಡ್ಮೂರು ಸಲ ಬಗ್ಗಿಸಿದ್ರೆ ಪಟ್ ಅಂತ ಮುರಿಯುತ್ತೆ. ಡಬ್ಬದ ಮೇಲೆ ಕ್ಯಾಟ್ 6 ಅಂತ ದಪ್ಪಗೆ ಬರೆದಿತ್ತು! ಶಿವಮೊಗ್ಗಕ್ಕೆ ಹೋಗಿ ಅಪ್ಪಟ ತಾಮ್ರದ 23 ಗೇಜ್ (ಎಳೆ ದಪ್ಪದ ಅಳತೆ) ವೈರ್ ಇಪ್ಪತ್ತೈದು ಮೀಟ್ರು ತಂದೆ, ಮೀಟ್ರಿಗೆ ಮೂವತ್ತು ಚಿಲ್ಲರೆ, ಎರಡೂ ತುದಿಗೆ 568ಬಿ ಅನ್ನೋ ಬಣ್ಣದ ಕ್ರಮದಲ್ಲಿ ಪಿನ್ ಒತ್ತಿ ಕೂರಿಸಿ, ಅಂದ್ರೆ ಕ್ರಿಂಪ್ ಮಾಡಿ ಹಾಕಿದೆ ನೋಡಿ, ಅವತ್ತಿಂದ ಒಂದ್ಸಲಾನೂ ಕಪ್ಪಾಗಿಲ್ಲ. ಅಂಗಡೀಲಿ ನಿಂತೇ ಒಂದು ಎಳೆ ಕೆರೆದು ನೋಡಿ, ಬೇಡ ಅಂದ್ರೆ ಆ ಅಂಗಡಿ ಬಿಟ್ಟು ಬನ್ನಿ.

ವೈರ್ ಎಳೆಯಕ್ಕೆ ಗೋಡೆ ಒಡೆದಿಲ್ಲ. ಹಳೇ ಆರ್‌ಜಿ6 ಟಿವಿ ಕೇಬಲ್ ಇದ್ದ ಪೈಪೇ ಇತ್ತಲ್ಲ, ಆ ಕೇಬಲ್ ತುದಿಗೆ ಕ್ಯಾಟ್ 6 ಕಟ್ಟಿ, ಜಾಯಿಂಟಿಗೆ ಟೇಪ್ ಬಿಗಿಯಾಗಿ ಸುತ್ತಿ, ಭಾವಮೈದ ಆ ಕಡೆಯಿಂದ ಎಳೆದ ನಾನು ಈ ಕಡೆಯಿಂದ ಬಿಡ್ತಾ ಬಂದೆ. ಕ್ರಿಂಪ್ ಎಳೆದ ಮೇಲೇನೇ. ಕುತೂಹಲಕ್ಕೆ ಒಂದ್ಸಲ ಕರೆಂಟ್ ಪೈಪಲ್ಲೂ ಬಿಟ್ಟು ನೋಡಿದ್ವಿ, ಬಾವಿ ಮೋಟ್ರು ಆನ್ ಆದ ಗಳಿಗೇಲಿ ಪಿಕ್ಚರ್ ಮಾಯ. 230 ವೋಲ್ಟ್ ಜೊತೆ ಇದನ್ನ ಓಡಿಸ್ಬೇಡಿ, ಸೇಫ್ಟಿಗೂ ಒಳ್ಳೇದಲ್ಲ.

ಒಂದು ಎಚ್‌ಡಿಎಂಐನ ಎರಡು ಮಾಡೋ ಸ್ಪ್ಲಿಟರ್ ಬಗ್ಗೆ ಹೇಳ್ಲೇಬೇಕು. ಹಾಲಿಂದು 43 ಇಂಚು ಫುಲ್ ಎಚ್‌ಡಿ, ರೂಮಿಂದು ಹಳೇ 32 ಇಂಚು ಎಚ್‌ಡಿ ರೆಡಿ, 1366 ಬೈ 768 ಪ್ಯಾನೆಲ್. ಸಾದಾ ಸ್ಪ್ಲಿಟರ್ ಹಾಕಿದ್ರೆ ಬಾಕ್ಸು ಚಿಕ್ಕ ಟಿವಿ ನೋಡ್ಕೊಂಡು ಎರಡಕ್ಕೂ ರೆಸಲ್ಯೂಷನ್ ಇಳಿಸುತ್ತೆ. ಇಡಿಐಡಿ (ಯಾವ ಪಿಕ್ಚರ್ ತಗೊಳ್ತೀನಿ ಅಂತ ಟಿವಿ ಬಾಕ್ಸಿಗೆ ಹೇಳೋ ಮಾಹಿತಿ) ಸ್ವಿಚ್ ಇರೋ ಸ್ಪ್ಲಿಟರ್ ಒಂಬೈನೂರು ಆಯ್ತು, ಸ್ವಿಚ್ ಫಿಕ್ಸ್ ಮಾಡಿ ಬಾಕ್ಸ್ ಮೆನುಲಿ ಆಟೋ ತೆಗೆದು 1080ಐ (1080 ಲೈನು, ಒಂದು ಬಿಟ್ಟು ಒಂದರಂತೆ ಬರೋದು) ಕೂರಿಸಿದೆ. ಎಚ್‌ಡಿ ರೆಡಿ ಟಿವಿ 1080ಐ ತಗೊಳ್ಳುತ್ತೆ, ಭಯ ಬೇಡ. ಅಮ್ಮನ ಟಿವಿಲಿ ಪಿಕ್ಚರ್ ಬಂದು ಎಚ್‌ಡಿ ಚಾನೆಲಲ್ಲಿ ಮಾತ್ರ ಸೌಂಡ್ ಇರಲಿಲ್ಲ, ಡಾಲ್ಬಿ ಸೌಂಡ್ ಆ ಟಿವಿಗೆ ಗೊತ್ತಿಲ್ಲ, ಬಾಕ್ಸಲ್ಲಿ ಪಿಸಿಎಂ ಅನ್ನೋ ಸಾದಾ ಸೌಂಡ್ ಮಾಡಿದ್ಮೇಲೆ ಬಂತು. ಇದೊಂದಕ್ಕೆ ಟಿವಿ ರಿಪೇರಿಗೆ ಹೊತ್ಕೊಂಡು ಹೋದೋರನ್ನ ನಾನೇ ನೋಡಿದ್ದೀನಿ.

ಮ್ಯಾಚ್ ಇದ್ದ ದಿನ 720ಪಿ, 1080ಐ ಎರಡೂ ಬದಲಾಯಿಸಿ ಬದಲಾಯಿಸಿ ನೋಡ್ದೆ. ದೊಡ್ಡ ಟಿವಿಲಿ 1080ಐ ಹುಲ್ಲಿನ ಎಸಳು ಕಾಣೋ ಹಾಗಿದೆ, ಹಳೇ ಟಿವಿಲಿ ಬಾಲ್ ಓಡುವಾಗ ಅಂಚು ಸ್ವಲ್ಪ ಬಾಚಣಿಗೆ ಹಲ್ಲಿನ ಥರ ಆಗುತ್ತೆ, ಅಲ್ಲಿಗೆ 720ಪಿನೇ ವಾಸಿ, ಆದ್ರೆ ಧಾರಾವಾಹಿಗೆ ಏನೂ ಗೊತ್ತಾಗಲ್ಲ ಅಂತ 1080ಐನೇ ಬಿಟ್ಟಿದ್ದೀನಿ. ನ್ಯೂಸ್ ಚಾನೆಲ್ ಕೆಳಗಿನ ಪಟ್ಟಿ ಅರ್ಧ ಕಟ್ ಆದ್ರೆ ಟಿವಿ ಮೆನುಲಿ ಜಸ್ಟ್ ಸ್ಕ್ಯಾನ್ ಅಥವಾ ಸ್ಕ್ರೀನ್ ಫಿಟ್ ಹಾಕಿ.

ರಿಮೋಟಿಗೆ ನೂರೈವತ್ತು ಕೊಟ್ಟು ಇನ್ನೊಂದು ತಂದು ಅಮ್ಮನ ಕೈಲಿ ಕೊಟ್ಟೆ. ಎಕ್ಸ್‌ಟೆಂಡರ್ ಐಆರ್ ಕಣ್ಣು ರೂಮಿನ ಟಿವಿ ಕೆಳಗೆ, ಬೆಳಕು ಬಿಡೋ ಎಮಿಟರ್ ಹಾಲಿನ ಬಾಕ್ಸ್ ಮುಂದೆ. ಎಮಿಟರ್ ಉರೀತಿದ್ಯಾ ಅಂತ ಮೊಬೈಲ್ ಕ್ಯಾಮೆರಾದಲ್ಲಿ ನೋಡಿದ್ರೆ ಗೊತ್ತಾಗುತ್ತೆ. ಆದ್ರೆ ಹಾಲಿನ ರಿಮೋಟಿಗೂ ಅಡ್ಡ ಬರ್ದೇ, ಟ್ಯೂಬ್‌ಲೈಟಿಗೂ ಕೆಡದ ಹಾಗೆ ಕಣ್ಣು, ಎಮಿಟರ್ ಎರಡನ್ನೂ ಅಂಟಿಸೋ ಜಾಗ ಕಂಡುಹಿಡಿಯಕ್ಕೆ ನಂಗೆ ತುಂಬ ದಿನ ಹಿಡೀತು, ಈಗ ಅದೇ ನಂಗೆ ಕೆಲಸ ತರ್ತಿದೆ, ಅದನ್ನ ಇಲ್ಲಿ ಬರೆಯಲ್ಲ.

ಒಟ್ಟು ಈಗ ಬಳಕೇಲಿರೋ ಸಾಮಾನಿಗೆ ನಾಲ್ಕೂವರೆ ಸಾವಿರ, ದಂಡ ಆಗಿದ್ದು ಎರಡೂವರೆ ಸಾವಿರ. ಇನ್ನೊಂದು ಕನೆಕ್ಷನ್ ತಗೊಂಡಿದ್ರೆ ಎರಡು ವರ್ಷದೊಳಗೆ ಇಷ್ಟೇ ಆಗ್ತಿತ್ತು, ಆಮೇಲೂ ಕಟ್ತಾನೇ ಇರ್ಬೇಕಿತ್ತು. ಹೋದ ತಿಂಗಳು ಆ ಕೇಬಲ್ ಹುಡುಗನೇ ಬಂದು ಎರಡೂ ಟಿವಿ ಮುಂದೆ ನಿಂತು ನೋಡಿ, ವೈರ್ ಯಾವ ಗೇಜ್ ಅಣ್ಣ ಅಂತ ಕೇಳಿ ಬರ್ಕೊಂಡು ಹೋದ.

ಆದ್ರೆ ಒಂದು, ಗುಡುಗೋ ಸೂಚನೆ ಕಂಡಾಗ, ಅದು ಶುರುವಾಗೋ ಮೊದ್ಲೇ, ಪ್ಲಗ್ ಕಿತ್ರೆ ಸಾಲ್ದು, ಬಾಕ್ಸಿನ ಕೇಬಲ್ ಪಿನ್ನೂ ಬಿಚ್ಚಿ. ಸಿಡಿಲು ಅಲ್ಲಿಂದ ಒಳಗೆ ಬಂದ್ರೆ ಈಗ ಎರಡೂ ಟಿವಿ ಒಂದೇ ಲೈನಲ್ಲಿವೆ.