ಏಪ್ರಿಲ್ ಮಧ್ಯಾಹ್ನಕ್ಕೂ ನಿಲ್ಲುವ ಓವರ್‌ಕ್ಲಾಕ್

ಮಂಡ್ಯದ ಗುತ್ತಲಿನಲ್ಲಿ ನನ್ನ ಎಡಿಟಿಂಗ್ ರೂಮ್ ಇದೆ. ಮಹಡಿ ಮೇಲೆ ಶೀಟ್ ಹಾಕಿದ ರೂಮು. ಮದುವೆ, ಬೀಗರೂಟ, ನಾಮಕರಣದ ವಿಡಿಯೋಗಳನ್ನೆಲ್ಲ ಇಲ್ಲೇ ಕೂತು ಕಟ್ ಮಾಡುತ್ತೇನೆ. ಸಿಸ್ಟಂನಲ್ಲಿರುವುದು ಇಂಟೆಲ್ ಐ5-8600ಕೆ, 2017ರಲ್ಲಿ ಬಂದ 6 ಕೋರಿನ ಪ್ರೊಸೆಸರ್. ಆರೂ ಕೋರ್ ದುಡಿಯುವಾಗ ಅದು ತಾನಾಗಿ ಓಡುವುದು 4.1 ಗಿಗಾಹರ್ಟ್ಸ್‌ನಲ್ಲಿ.

ಡಿಸೆಂಬರಿನ ಒಂದು ರಾತ್ರಿ ಅದನ್ನು 4.8ಕ್ಕೆ ಏರಿಸಿದೆ, ಅಂದರೆ ಕಂಪನಿ ಇಟ್ಟ ವೇಗಕ್ಕಿಂತ ಜಾಸ್ತಿ ಓಡಿಸುವ ಓವರ್‌ಕ್ಲಾಕ್ ಮಾಡಿದೆ. ವೋಲ್ಟೇಜ್ 1.34. ಒಂದು ಗಂಟೆ ಟೆಸ್ಟ್ ಓಡಿಸಿದೆ, ಪಾಸಾಯಿತು. ಮೂರು ತಿಂಗಳು ಯಾವ ತೊಂದರೆಯೂ ಇರಲಿಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಯಿತು. ಏಪ್ರಿಲ್ ಬಂತು, ಮದುವೆ ಸೀಸನ್. ಒಂದು ಮಧ್ಯಾಹ್ನ 3 ಗಂಟೆಗೆ ಧಾರೆಯ ವಿಡಿಯೋ ಎಕ್ಸ್‌ಪೋರ್ಟ್ ಶೇ. 83ಕ್ಕೆ ಬಂದಾಗ ನೀಲಿ ಸ್ಕ್ರೀನ್ ಬಂತು. ಮದುಮಗಳ ಅಣ್ಣ ಪೆನ್‌ಡ್ರೈವ್ ಹಿಡಿದು ಎದುರಿಗೇ ಕೂತಿದ್ದರು. "ಆಯ್ತಾ ಅಣ್ಣ?" ಅಂದರು. "ಇನ್ನೊಂದು ಸಲ ಹಾಕ್ತೀನಿ ಸಾರ್" ಅಂದೆ. ಎರಡನೇ ಸಲ ಶೇ. 60ಕ್ಕೇ ನಿಂತಿತು. ಅದೇ ಫೈಲ್, ಅದೇ ಸೆಟ್ಟಿಂಗ್, ರಾತ್ರಿ 9ಕ್ಕೆ ಹಾಕಿದರೆ ಸಲೀಸಾಗಿ ಮುಗಿಯಿತು.

ಕಾರಣ ಅಲ್ಲೇ ಇತ್ತು. ಡಿಸೆಂಬರ್ ರಾತ್ರಿ ರೂಮಿನ ಬಿಸಿ 22 ಡಿಗ್ರಿ, ಪ್ರೊಸೆಸರ್ 81. ಏಪ್ರಿಲ್ ಮಧ್ಯಾಹ್ನ ರೂಮೇ 38, ಪ್ರೊಸೆಸರ್ 97. ರೂಮು ಎಷ್ಟು ಏರುತ್ತದೋ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಇದರ ಮಿತಿ 100. ಅದನ್ನು ಮುಟ್ಟುವ ಮೊದಲೇ ಕೆಡುವುದು ಯಾಕೆ ಅಂದರೆ, ಚಿಪ್ ಬಿಸಿಯಾದಷ್ಟೂ ಅದೇ ವೇಗಕ್ಕೆ ಆ ವೋಲ್ಟೇಜ್ ಸಾಲದೆ ಹೋಗುತ್ತದೆ. ಹಾಗಾಗಿ ಈ ಕಡೆ ಓವರ್‌ಕ್ಲಾಕ್ ಮಾಡುವವರು ಬೇಸಿಗೆಯ ಮಧ್ಯಾಹ್ನವನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಮೊದಲು ನಿಮ್ಮ ಪ್ರೊಸೆಸರ್ ಇದಕ್ಕೆ ಒಗ್ಗುತ್ತದಾ ನೋಡಿ. ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಹೆಸರಿನ ಅಂಕಿಯ ನಂತರ 'ಕೆ' ಇರಬೇಕು, ಮದರ್‌ಬೋರ್ಡ್ 'ಝಡ್' ಸಾಲಿನದಾಗಿರಬೇಕು. ಎಎಂಡಿ ರೈಜೆನ್‌ನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಸಾಮಾನ್ಯವಾಗಿ ತೆರೆದೇ ಇರುತ್ತವೆ, ಆದರೆ ಎ320 ಬೋರ್ಡಿನಲ್ಲಿ ಆಗುವುದಿಲ್ಲ. ವಾರಂಟಿ ಇನ್ನೂ ಇದ್ದರೆ ಅದರ ನಿಯಮ ಓದಿಕೊಳ್ಳಿ.

ಬಯೋಸ್‌ಗೆ (ಸಿಸ್ಟಂ ಆನ್ ಆಗುವಾಗ ತೆರೆಯುವ ಬೋರ್ಡಿನ ಸೆಟ್ಟಿಂಗ್‌ಗೆ) ಕೈ ಹಾಕುವ ಮೊದಲು ಕ್ಯಾಬಿನೆಟ್ ತೆಗೆಯಿರಿ. ನಮ್ಮ ಬೀದಿಯ ಹಿಂದೆ ಆಲೆಮನೆ ಇದೆ. ಒಲೆಗೆ ಕಬ್ಬಿನ ಸಿಪ್ಪೆ ಹಾಕುತ್ತಾರೆ, ಅದರ ಕರಿ ಬೂದಿ ಗಾಳಿಯಲ್ಲಿ ಬಂದು ಕೂರುತ್ತದೆ. ನನ್ನ ಕೂಲರ್‌ನ ಅಲ್ಯೂಮಿನಿಯಂ ಪದರಗಳ ನಡುವೆ ಅದು ಮೆತ್ತಗೆ ಕಂಬಳಿಯ ಹಾಗೆ ಕಟ್ಟಿಕೊಂಡಿತ್ತು. ಬೆಳಕು ಹಿಡಿದರೆ ಆಚೆ ಕಡೆ ಕಾಣುತ್ತಿರಲಿಲ್ಲ. ಬ್ರಷ್‌ನಲ್ಲಿ ಬಿಡಿಸಿ ಬ್ಲೋವರ್ ಹಿಡಿಯಿರಿ. ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿಟ್ಟುಕೊಳ್ಳಿ, ಇಲ್ಲದಿದ್ದರೆ ಬೇರಿಂಗ್ ಹಾಳಾಗುತ್ತದೆ. ಕೂಲರ್ ಬಿಚ್ಚಿ, ಅದಕ್ಕೂ ಪ್ರೊಸೆಸರಿಗೂ ನಡುವೆ ಒಣಗಿದ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಹೊಸದನ್ನು ಕಡಲೆಕಾಳಿನಷ್ಟು ಇಡಿ. ಇದನ್ನು ಬಿಟ್ಟು ಮುಂದೆ ಹೋಗುವುದು ಸುಮ್ನೆ ದಂಡ.

ಈಗ ಏನೂ ಬದಲಿಸದೆ, ಪ್ರೊಸೆಸರ್ ವೇಗ ಅಳೆಯುವ ಸಿನೆಬೆಂಚ್ ಓಡಿಸಿ, ಸ್ಕೋರ್ ಬರೆದಿಡಿ. ಪಕ್ಕದಲ್ಲಿ ಬಿಸಿ ತೋರಿಸುವ ಎಚ್‌ಡಬ್ಲ್ಯುಇನ್ಫೋ ತೆರೆದು ಅತಿ ಹೆಚ್ಚು ಬಿಸಿ ಎಷ್ಟು ಅಂತಲೂ ಬರೆಯಿರಿ. ರೂಮಿನ ಬಿಸಿಯನ್ನು ಮರೆಯಬೇಡಿ, ಗೋಡೆಗೆ ತೂಗುಹಾಕುವ ಸಾದಾ ಥರ್ಮಾಮೀಟರ್ ಸಾಕು.

ಬಯೋಸ್‌ನಲ್ಲಿ ಮೊದಲು ರ್‍ಯಾಮಿನ ವೇಗ ಏರಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಆಫ್ ಮಾಡಿ. ಎರಡನ್ನೂ ಒಟ್ಟಿಗೆ ಏರಿಸಿದರೆ ತಪ್ಪು ಯಾರದು ಅಂತ ಗೊತ್ತಾಗುವುದಿಲ್ಲ. ವೇಗದ ಲೆಕ್ಕ ಸುಲಭ: ಬೇಸ್ ಕ್ಲಾಕ್ 100, ಅದನ್ನು ಮಲ್ಟಿಪ್ಲೈಯರ್‌ನಿಂದ ಗುಣಿಸಿದರೆ ಮೆಗಾಹರ್ಟ್ಸ್. 43 ಅಂದರೆ 4300. ಬೇಸ್ ಕ್ಲಾಕ್ ಮುಟ್ಟಬೇಡಿ. ವೋಲ್ಟೇಜನ್ನು ಆಟೋದಲ್ಲಿ ಬಿಡಲೇಬೇಡಿ, ಬೋರ್ಡ್ ಕ್ಷೇಮಕ್ಕೆ ಅಂತ ಬೇಕಾದ್ದಕ್ಕಿಂತ ಜಾಸ್ತಿ ಕೊಡುತ್ತದೆ. ನಾನು ಈ ಪ್ರೊಸೆಸರಿಗೆ 1.20ರಿಂದ ಶುರು ಮಾಡಿದೆ. ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯುವುದನ್ನು ತಡೆಯಲು ಲೋಡ್ ಲೈನ್ ಕ್ಯಾಲಿಬ್ರೇಶನ್ ಅಂತ ಇರುತ್ತದೆ. ಅದನ್ನು ನಡುವಿನ ಮಟ್ಟದಲ್ಲಿಡಿ. ಪೂರ್ತಿ ಏರಿಸಿದರೆ ಲೋಡ್ ಇಳಿದ ಕ್ಷಣ ವೋಲ್ಟೇಜ್ ಮೇಲಕ್ಕೆ ಜಿಗಿಯುತ್ತದೆ, ಅದು ಚಿಪ್‌ಗೆ ಒಳ್ಳೆಯದಲ್ಲ.

ಆಮೇಲೆ ಒಂದೊಂದೇ ಹೆಜ್ಜೆ. ಮಲ್ಟಿಪ್ಲೈಯರ್ 1 ಏರಿಸಿ, ಹತ್ತು ನಿಮಿಷ ಸಿನೆಬೆಂಚ್ ಓಡಿಸಿ. ಕ್ರ್ಯಾಶ್ ಆಗದೆ ಮುಗಿದರೆ ಮತ್ತೆ 1 ಏರಿಸಿ. ಕ್ರ್ಯಾಶ್ ಆದರೆ ವೋಲ್ಟೇಜ್ 0.01ರಿಂದ 0.02 ಏರಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲವೂ ಬರೆದಿಡಬೇಕು. ಇದರಲ್ಲಿ 1.35 ನಾನು ದಾಟುವುದಿಲ್ಲ. ಕೊನೆಗೆ ಪ್ರೊಸೆಸರಿಗೆ ಪೂರ್ತಿ ಲೋಡ್ ಹಾಕುವ ಟೆಸ್ಟ್, ಪ್ರೈಮ್95ನ ಸ್ಮಾಲ್ ಎಫ್‌ಎಫ್‌ಟಿ ಅಥವಾ ಒಸಿಸಿಟಿ ಒಂದು ಗಂಟೆ. ಅದೂ ಮಧ್ಯಾಹ್ನ, ಬಾಗಿಲು ಹಾಕಿಕೊಂಡು. ಎವಿಎಕ್ಸ್ (ಒಟ್ಟಿಗೆ ಹಲವು ಲೆಕ್ಕ ಮಾಡಿಸುವ, ಚಿಪ್ ಜಾಸ್ತಿ ಬಿಸಿ ಮಾಡುವ ಆದೇಶಗಳು) ಕೆಲಸ ಬಂದಾಗ ವೇಗ ಇಳಿಸುವ ಎವಿಎಕ್ಸ್ ಆಫ್‌ಸೆಟ್ ಬಯೋಸ್‌ನಲ್ಲಿ ಇರುತ್ತದೆ. ನಾನು ಅದನ್ನು 0ದಲ್ಲೇ ಇಟ್ಟಿದ್ದೇನೆ. ವಿಡಿಯೋ ಎಕ್ಸ್‌ಪೋರ್ಟ್ ಬಳಸುವುದೇ ಎವಿಎಕ್ಸ್. ನನಗೆ ವೇಗ ಬೇಕಾದ ಜಾಗದಲ್ಲೇ ಇಳಿದರೆ ಏನು ಪ್ರಯೋಜನ, ಅಲ್ವಾ?

ಎಷ್ಟರಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ಒಂದು ಲೆಕ್ಕ ನನಗೆ ಕಣ್ಣು ತೆರೆಸಿತು. ಚಿಪ್ ಎಳೆಯುವ ಕರೆಂಟು, ಅದರಿಂದ ಹುಟ್ಟುವ ಬಿಸಿ, ವೇಗ ಏರಿದಷ್ಟು ಏರುತ್ತದೆ. ವೋಲ್ಟೇಜ್ ಏರಿದರೆ ಅದರ ವರ್ಗದಷ್ಟು ಏರುತ್ತದೆ. ನಾನು 4.8 ಮತ್ತು 1.34ರಿಂದ 4.6 ಮತ್ತು 1.25ಕ್ಕೆ ಇಳಿದೆ. ಹೋದ ವೇಗ ಶೇ. 4. ಕಡಿಮೆಯಾದ ಬಿಸಿ ಸುಮಾರು ಆರರಲ್ಲಿ ಒಂದು ಪಾಲು. ಒಂದು ಗಂಟೆಯ ಎಕ್ಸ್‌ಪೋರ್ಟಿಗೆ ಎರಡೂವರೆ ನಿಮಿಷ ಜಾಸ್ತಿ ಹಿಡಿಯಬಹುದು, ಅಷ್ಟೇ.

ಇನ್ನು ಕೆಟ್ಟಾಗ ಹುಡುಕುವುದು. ನೀಲಿ ಸ್ಕ್ರೀನಿನಲ್ಲಿ 'ಡಬ್ಲ್ಯುಎಚ್‌ಇಎ ಅನ್‌ಕರೆಕ್ಟಬಲ್ ಎರರ್' ಅಥವಾ 'ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್' ಬಂದರೆ ಮೊದಲ ಅನುಮಾನ ಪ್ರೊಸೆಸರ್ ವೋಲ್ಟೇಜ್ ಮೇಲೆ. ಬಿಸಿ ಜಾಸ್ತಿ ಇದ್ದರೆ ವೋಲ್ಟೇಜ್ ಏರಿಸಬೇಡಿ, ವೇಗ ಇಳಿಸಿ. 'ಮೆಮೊರಿ ಮ್ಯಾನೇಜ್‌ಮೆಂಟ್' ಬಂದರೆ ರ್‍ಯಾಮ್ ನೋಡಿ. ಎಕ್ಸ್‌ಎಂಪಿ ಮತ್ತೆ ಆನ್ ಮಾಡಿದ ರಾತ್ರಿ ಮೆಮ್‌ಟೆಸ್ಟ್86 ಹಾಕಿ ಮಲಗಿ, ಒಂದು ಎರರ್ ಬಂದರೂ ಅದು ಪಾಸಲ್ಲ. ಕ್ರ್ಯಾಶ್ ಆಗದೆ ಸ್ಕೋರ್ ಮಾತ್ರ ಬಿದ್ದರೆ ಚಿಪ್ ಬಿಸಿಗೆ ತಾನೇ ವೇಗ ಇಳಿಸಿಕೊಳ್ಳುತ್ತಿದೆ ಅಂತ ಲೆಕ್ಕ. ಎಲ್ಲ ಸರಿ ಅನ್ನಿಸಿದರೂ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ ಲಾಗರ್ ಎಚ್ಚರಿಕೆಗಳಿವೆಯಾ ನೋಡಿ. ತಪ್ಪಾಗಿ, ತಾನೇ ತಿದ್ದಿಕೊಂಡ ಲೆಕ್ಕಗಳು ಅವು. ಇವತ್ತು ತಿದ್ದಿಕೊಂಡದ್ದು ನಾಳೆ ಬೀಳಬಹುದು.

ನೀಲಿ ಸ್ಕ್ರೀನೇ ಇಲ್ಲದೆ ಟಪ್ ಅಂತ ಆಫ್ ಆದರೆ ಅದು ಬೇರೆ ರೋಗ. ನನಗೆ ಹಾಗಾದಾಗ ಎರಡು ದಿನ ವೋಲ್ಟೇಜ್ ತಿರುಗಿಸುತ್ತಾ ಕೂತಿದ್ದೆ. ಆಮೇಲೆ ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್ಗಿಗೆ ಹಾಕಿದೆ, ಆಫ್ ಆಗುವುದು ನಿಂತಿತು. ನನ್ನದು 600 ವಿಎ ಯುಪಿಎಸ್, ನಿಜವಾಗಿ ಕೊಡುವುದು ಸುಮಾರು 360 ವಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಮಾನಿಟರ್ ಮೂರೂ ಸೇರಿ ಅದನ್ನು ದಾಟುತ್ತಿದ್ದವು. ಗೋಡೆಯಲ್ಲೂ ಆಫ್ ಆದರೆ ಪವರ್ ಸಪ್ಲೈ ಪರೀಕ್ಷಿಸಿ.

ಆನ್ ಆಗುವುದೇ ನಿಂತುಹೋದರೆ ಹೆದರಬೇಡಿ. ಪ್ಲಗ್ ಕಿತ್ತು, ಬೋರ್ಡಿನ ಮೇಲಿರುವ ದುಂಡನೆಯ ಸಿಆರ್2032 ಸೆಲ್ ಐದು ನಿಮಿಷ ತೆಗೆದಿಟ್ಟು ಮತ್ತೆ ಹಾಕಿ. ಬಯೋಸ್ ಮೊದಲಿನ ಸ್ಥಿತಿಗೆ ಬರುತ್ತದೆ, ನಿಮ್ಮ ಅಂಕಿಗಳು ಅಳಿಸಿಹೋಗುತ್ತವೆ. ಅದಕ್ಕೇ ಕ್ಯಾಬಿನೆಟ್ ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ. ಅದರಲ್ಲಿ ಈಗ ಇರುವುದು: ಮಲ್ಟಿಪ್ಲೈಯರ್ 46, ವೋಲ್ಟೇಜ್ 1.25, ಎವಿಎಕ್ಸ್ 0, ರೂಮ್ 38, ಪ್ರೊಸೆಸರ್ 84, ಮಧ್ಯಾಹ್ನ 3 ಗಂಟೆ.